ಹಗ್ಗದ ಬಾಲ

ಹೆಜ್ಜೇನು ಎದ್ದು ಮುತ್ತಬಹುದಿತ್ತು. ಮೇಲಿದ್ದವರ ಕಾಲು ತಾಗಿ ಕಲ್ಲುರುಳಿ ಕೆಳಗಿದ್ದವರ ತಲೆಗೆ ಬೀಳಬಹುದಿತ್ತು. ಹೆಲ್ಮೆಟ್ಟಿನ ಪಟ್ಟಿ ಸಡಿಲಾಗಬಹುದಿತ್ತು, ಗಂಟು ಜಾರಬಹುದಿತ್ತು, ಕೈ ಹಾಕಿದ ಬಿರುಕಿನಲ್ಲೇ ಚೇಳು ಇರಬಹುದಿತ್ತು. ಬಿಸಿಲಿಗೆ ಯಾರಾದರೂ ತಲೆಸುತ್ತಿ ಬೀಳಬಹುದಿತ್ತು. ಪೊದೆಯ ಕಡೆ ಹೋದ ಹುಡುಗನೊಬ್ಬ ಹಳೆಯ ಗಣಿಯ ಗುಂಡಿಗೆ ಬೀಳಬಹುದಿತ್ತು. ಗಣಿಗಳಿರುವುದು ಅಲ್ಲಿಂದ ಬಹಳ ದೂರ. ಆದರೂ ಬರೆದುಕೊಂಡಿದ್ದೆ. ಚಿತ್ರಾನ್ನ ಹಳಸಬಹುದು ಎಂಬುದೂ ಪಟ್ಟಿಯಲ್ಲಿತ್ತು.

ಬಂಗಾರಪೇಟೆಯ ನಮ್ಮ ಶಾಲೆಯಿಂದ ಹನ್ನೊಂದು ಮಕ್ಕಳನ್ನು ಬಂಡೆ ಹತ್ತಿಸಲು ಕರೆದೊಯ್ದ ದಿನ ಅದು. ಹತ್ತಿಸುವುದು ನನ್ನ ಕೆಲಸವಲ್ಲ. ಅದಕ್ಕೆ ತರಬೇತಿ ಪಡೆದ ಯುವಕನಿದ್ದ, ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದ ನನ್ನ ಹಳೆಯ ವಿದ್ಯಾರ್ಥಿ. ವಿಜ್ಞಾನದ ಮೇಷ್ಟ್ರಾದ ನನ್ನ ಪಾಲಿಗೆ ಉಳಿದದ್ದು ಹೆದರುವ ಕೆಲಸ. ಅದನ್ನು ಶ್ರದ್ಧೆಯಿಂದಲೇ ಮಾಡಿದೆ. ವಾಸನೆಗೆ ಜೇನು ಕೆರಳುತ್ತದೆಂದು ಹೆಣ್ಣುಮಕ್ಕಳ ಮಲ್ಲಿಗೆಯನ್ನು ಬಸ್ಸಿನಲ್ಲೇ ತೆಗೆಸಿದೆ. ಹಗ್ಗ ಬಿಗಿದ ಎರಡೂ ಕೊಕ್ಕೆಗಳನ್ನು ಮೂರು ಸಲ ತೋರಿಸು ಎಂದು ಯುವಕನಿಗೆ ಹೇಳಿದೆ.

"ಸಾರ್, ನಮ್ ತಾತ ಮೂವತ್ತು ವರ್ಷ ಮೈನಿಗಿಳಿದ್ರು. ಅವರನ್ನೂ ಯಾರೂ ಇಷ್ಟು ಪ್ರಶ್ನೆ ಕೇಳಿರಲ್ಲ," ಎಂದ ಅವನು.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಾಯಿಯೂ ಬಂದಿದ್ದರು. ಗಾರೆ ಕೆಲಸಕ್ಕೆ ಹೋಗುವವರು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ಒಂದು ಷರತ್ತು ಹಾಕಿದ್ದರು: "ಅಗ್ಗದಾಗೆ ನಿಮ್ ಕೈಯೂ ಇರ್ಬೇಕು ಸಾ. ನಂಗಿರೋದು ಒಬ್ಳೇ."

ಹಾಗಾಗಿ, ಹುಡುಗಿಯ ಸೊಂಟದಿಂದ ಮೇಲೇರಿ ಬಂಡೆಯ ತುದಿಯ ಕೊಕ್ಕೆಗಳಲ್ಲಿ ಹಾದು ಕೆಳಗಿಳಿದ ಹಗ್ಗವನ್ನು ನಿಯಂತ್ರಿಸುವ ಯುವಕನ ಹಿಂದೆ, ಅದರ ಬಾಲ ಹಿಡಿದು ನಾನು ನಿಂತೆ. ಅವನ ಕೈ ತಪ್ಪಿದರೆ ನನ್ನದು ಇರಲಿ ಎಂಬ ಏರ್ಪಾಡು.

ಹುಡುಗಿ ಸರಸರನೆ ಏರಿದಳು. ಎರಡಾಳು ಎತ್ತರ ದಾಟಿದ ಮೇಲೆ ನಾನು ಮತ್ತೆ ಕೊಕ್ಕೆಗಳನ್ನೇ ನೋಡತೊಡಗಿದೆ. ಅವಳೋ ಕತ್ತು ಹೊರಳಿಸಿ, "ಅಮ್ಮಾ, ಮಾರಿಕುಪ್ಪಂ ರೈಲು ಕಾಣಿಸ್ತೈತೆ!" ಎಂದು ಕೂಗಿದಳು. ಕಾಲು ಜಾರಿತು.

ಬಿದ್ದದ್ದು ಒಂದು ಗೇಣು. ಹಗ್ಗ ತಡೆಯಿತು. ಎಲ್ಲವೂ ಹೇಗಾಗಬೇಕೋ ಹಾಗೇ ಆಯಿತು; ನನ್ನ ಎದೆಯೊಂದನ್ನು ಬಿಟ್ಟು.

"ಇಳಿಸ್ತೀನಿ, ಹಿಂದಕ್ಕೆ ಒರಗ್ಕೋ ಪಾಪು," ಎಂದ ಯುವಕ. ಹಗ್ಗ ಅಲುಗಲಿಲ್ಲ. ಅವಳು ನಡುವೆ ತೂಗುತ್ತಲೇ ಇದ್ದಳು.

ಹಗ್ಗ ಎಲ್ಲೋ ಸಿಕ್ಕಿಕೊಂಡಿದೆ ಎಂದುಕೊಂಡೆ. ಇದು ಪಟ್ಟಿಯಲ್ಲೇ ಇರಲಿಲ್ಲ.

ಅವನು ತಿರುಗಿ ನೋಡಿದ. "ಸಾರ್, ಬಿಡಿ."

"ಬಿಟ್ಟಿದ್ದೀನಪ್ಪ!"

"ಎಲ್ಲಿ ಬಿಟ್ಟಿದ್ದೀರ? ಕೈ ನೋಡ್ಕೊಳ್ಳಿ."

ನೋಡಿದೆ. ಗೆಣ್ಣುಗಳು ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು. ಬಿಡಿ ಎಂದು ನಾನು ಬೆರಳುಗಳಿಗೆ ಹೇಳುತ್ತಲೇ ಇದ್ದೆ, ಅವು ಕೇಳಲಿಲ್ಲ. ಮೇಲಿನಿಂದ ದನಿ ಬಂತು: "ಸಾ, ಬೆಲ್ಟು ತೊಡೆ ಕುಯ್ತೈತೆ! ಕಾಲು ಜೋಮ್ ಇಡೀತು!" ಈ ಸಲ ಅವಳ ಗಂಟಲಲ್ಲಿ ಅಳುವಿತ್ತು. ಯುವಕನ ಎರಡು ಕೈಯೂ ಹಗ್ಗದಲ್ಲೇ ಇದ್ದವು. ಅವನು ಬಂದು ಬಿಡಿಸುವಂತಿರಲಿಲ್ಲ.

ತಾಯಿ ಎದ್ದು ಬಂದರು. ಬೈಯುತ್ತಾರೆಂದುಕೊಂಡೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಯುವಕನನ್ನು ಕೇಳಿದರು, "ನೀನು ಗಟ್ಟಿಯಾಗಿ ಇಡ್ಕೊಂಡಿದ್ದೀಯೇನಪ್ಪ?"

"ಹಿಡ್ಕೊಂಡಿದ್ದೀನಕ್ಕ."

ಆಮೇಲೆ ನನ್ನ ಮುಷ್ಟಿಯ ಮೇಲೆ ಕೈಯಿಟ್ಟರು. ಸಿಮೆಂಟ್ ತಿಂದು ಒರಟಾದ ಕೈ. "ನಾವು ಮೇಲಿನ ಮಹಡಿಗೆ ದಿನಾ ಗಾರೆ ಬಾಣಲಿ ಸೇದ್ತೀವಿ ಸಾ. ಸೇದೋದು ಬಂದ್ರೆ ಸಾಲ್ದು, ಇಳಿಸೋದೂ ಬರ್ಬೇಕು. ಉಸಿರು ಬಿಡಿ ಮೊದ್ಲು."

ಉಸಿರು ಬಿಟ್ಟೆ. ಅವರು ತೋರುಬೆರಳು ಬಿಡಿಸಿದರು, ಆಮೇಲೆ ನಡುಬೆರಳು. ಹಗ್ಗ ನನ್ನ ಅಂಗೈ ಸವರುತ್ತ ಮುಂದೆ ಸರಿಯತೊಡಗಿತು. ಹುಡುಗಿ ಬಂಡೆಗೆ ಪಾದ ಊರುತ್ತ ಇಳಿದು ಬಂದಳು. ಅವಳು ನೆಲ ಮುಟ್ಟಿದಾಗಲೂ ನನ್ನ ಕಿರುಬೆರಳೊಂದು ಹಗ್ಗಕ್ಕೆ ಸುತ್ತಿಕೊಂಡೇ ಇತ್ತು.