ಕೆಂಪು ನಲ್ಲಿಯ ತಣ್ಣೀರು

ಮೊದಲು ಕೂಗಿದ್ದು ಶಾಹಿದಾ ಅವರೋ ನಾನೋ, ಈಗ ಖಚಿತವಾಗಿ ಹೇಳಲಾರೆ. ನನ್ನ ನೆನಪನ್ನು ನಾನೇ ಅಷ್ಟಾಗಿ ನಂಬುವುದಿಲ್ಲ.

ಬಂಟ್ವಾಳದ ಸಸ್ಯವಿಜ್ಞಾನಿ ಶಾಹಿದಾ, ಯುಎಇಯ ಅಲ್ ಐನ್ ನಗರದ ಹಸಿರುಮನೆಯೊಂದರಲ್ಲಿ ಬಾಟಲ್ ಪಾಮ್ ಸಸಿಗಳನ್ನು ಬೆಳೆಸುತ್ತಾರೆ. ಅವನ್ನು ನೋಡಲು ನಾನು ಊರಿನಿಂದ ಹೋಗಿದ್ದೆ. ಮಾರಿಷಸ್ ಬಳಿಯ ಪುಟ್ಟ ದ್ವೀಪದ ಈ ತಾಳೆ ಜಾತಿ ಅಲ್ಲಿ ಅಳಿವಿನ ಅಂಚಿನಲ್ಲಿದೆ. ಇಲ್ಲಿಯೂ ಸಸಿಗಳು ಒಂದೊಂದಾಗಿ ಸತ್ತು ಮೂರೇ ಉಳಿದಿದ್ದವು. "ಖಲಾಸ್, ಆ ಜಾಗದಲ್ಲಿ ಟೊಮೆಟೊ ಹಾಕುವ" ಎಂದು ಮೇಲ್ವಿಚಾರಕ ಹಮೀದ್ ಹೇಳಿಬಿಟ್ಟಿದ್ದರಂತೆ.

ಶಾಹಿದಾ ತಣ್ಣೀರಿನದೆಂದು ನೀಲಿ ಗುರುತು ಹಾಕಿದ ನಲ್ಲಿ ತಿರುಗಿಸಿ, "ಮುಟ್ಟಿ ನೋಡಿ" ಎಂದರು. ಕೈ ಚುರ್ರೆಂದಿತು. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರೇ ಕಾದಿರುತ್ತದೆ. ಎಸಿ ಕೋಣೆಯ ಗೀಸರನ್ನು ಆರಿಸಿಟ್ಟರೆ ಅದರೊಳಗೆ ನಿಂತ ನೀರು ತಣಿದು, ಬಿಸಿನೀರಿನ ಕೆಂಪು ನಲ್ಲಿಯಲ್ಲಿ ತಣ್ಣೀರು ಬರುತ್ತದೆ!

"ಮನೆಯಲ್ಲಿ ನಾವೆಲ್ಲ ಸ್ನಾನಕ್ಕೆ ಹೀಗೇ ಮಾಡುದು. ಪಾಪದ ಸಸಿಗೆ ಮಾತ್ರ ಬಿಸಿನೀರು ಹೊಯ್ತಾ ಇದ್ದೆವು ಮಾರಾಯ್ರೆ!"

ಕೆಂಪು ನಲ್ಲಿಯ ನೀರು ಹಾಕತೊಡಗಿ ಕೆಲವು ವಾರಗಳಾಗಿದ್ದವು. ಅವರು ಕುಂಡದತ್ತ ಬಗ್ಗಿದರು. ಮೂರರಲ್ಲಿ ಒಂದು ಸಸಿಯ ನಡುವೆ ಸೂಜಿಯಂಥ ಹೊಸ ಎಲೆ ಎದ್ದಿತ್ತು. ನಮ್ಮ ಕೂಗಿಗೆ ಹಮೀದ್ ಓಡಿ ಬಂದರು.

"ಹಮೀದಾಕ, ಟೊಮೆಟೊ ಎಲ್ಲಿ ಹಾಕ್ತೀರಿ ಈಗ?" ಎಂದರು ಶಾಹಿದಾ.

"ನನ್ನ ತಲೆ ಮೇಲೆ ಹಾಕು!" ಎನ್ನುತ್ತಾ ಅವರೇ ಮೊದಲು ಫೋಟೊ ಹಿಡಿದರು.

ಊರಿಗೆ ಮರಳಿದ ಮೇಲೆ ಫೋನ್ ಮಾಡಿ ಒಂದನ್ನು ಖಚಿತಪಡಿಸಿಕೊಂಡೆ: ಉಳಿದೆರಡು ಸಸಿಗಳೂ ಎಲೆ ಬಿಟ್ಟಿವೆ.