ರಾಕ್ಷಸನ ಮಗ್ಗಕ್ಕೆ ಪಾನಾ ಹಿಡಿದವರು

ನಾನು ಬೀಳಗಿ ಕಡೆಯವನು. ನಮ್ಮೂರಲ್ಲಿ ರಾತ್ರಿ ಸದ್ದು ಎಂದರೆ ನಾಯಿ ಬೊಗಳುವುದು, ಅದೂ ಕಾರಣವಿದ್ದರೆ ಮಾತ್ರ. ಮದುವೆಯಾದ ಮೇಲೆ ಹೆಂಡತಿಯ ಊರಾದ ಬನಹಟ್ಟಿಗೇ ಬಂದು ನೆಲೆಸಿ ಇಪ್ಪತ್ತೆರಡು ವರ್ಷವಾಯಿತು. ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗುತ್ತೇನೆ, ಸಂಜೆ ಬಸ್ಸಿನಲ್ಲಿ ಬರುತ್ತೇನೆ, ಎರಡರಲ್ಲೂ ಚಿಂತೆ ಮಾಡುತ್ತೇನೆ. ಚಿಂತೆಗೆ ವಿಷಯ ಸಿಗದ ದಿನ, ಯಾಕೆ ಸಿಗಲಿಲ್ಲ ಎಂಬ ಚಿಂತೆ.

ಹೋದ ವರ್ಷ ಆ ಕೊರತೆ ಇರಲಿಲ್ಲ. ಪಕ್ಕದ ಮನೆಯವ ತನ್ನ ಶೆಡ್ಡನ್ನು ನಾವು ಮಲಗುವ ಕೋಣೆಯ ಗೋಡೆಯವರೆಗೆ ತಂದು ನಾಲ್ಕು ಹೊಸ ಪವರ್‌ಲೂಮ್ ಕೂಡಿಸಿದ. ಕೇಳಲಿಲ್ಲ, ಹೇಳಲಿಲ್ಲ. ಮೊದಲ ವಾರವೇ ಧೈರ್ಯ ಮಾಡಿ ಹೋಗಿ, ನಿದ್ದೆ ಬರುತ್ತಿಲ್ಲವೆಂದೆ. ಅವನು ನಕ್ಕ. “ಒಂದ ತಿಂಗಳದಾಗ ರೂಢಿ ಆಗ್ತೈತ್ರಿ ಮಾಸ್ತರ. ಆಮ್ಯಾಲ ಸದ್ದ ನಿಂತ್ರ ನಿಮಗ ಎಚ್ಚರ ಆಗ್ತೈತಿ” ಎಂದ. ಆ ನಗು ನನಗೆ ಮಗ್ಗಕ್ಕಿಂತ ಹೆಚ್ಚು ಸದ್ದು ಮಾಡಿತು. ಒಂದು ತಿಂಗಳಲ್ಲ, ಹನ್ನೊಂದು ತಿಂಗಳಾದರೂ ರೂಢಿಯಾಗಲಿಲ್ಲ. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಅದರ ತುದಿಗೆ ಪೆನ್ಸಿಲಿನಿಂದ ಗುರುತು ಮಾಡಿ ವಾರಕ್ಕೊಮ್ಮೆ ಸ್ಕೇಲು ಹಿಡಿದೆ. ಬಿರುಕು ಬೆಳೆಯಲಿಲ್ಲ. ಅದೂ ನನ್ನ ವಿರುದ್ಧವೇ ಇದ್ದಂತೆ ಕಂಡಿತು.

ನಗರಸಭೆಗೆ ಅರ್ಜಿ ಕೊಡುವುದೆಂದು ನಿಶ್ಚಯಿಸಿದೆ. ಇಂಥ ವ್ಯವಹಾರ ಬಲ್ಲ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ಹೇಳಿದರು: “ಒಬ್ಬರ ಅರ್ಜಿ ಅಂದ್ರ ಜಗಳ ಅಂತಾರ್ರಿ. ನಾಲ್ಕ ಮಂದಿದಂದ್ರ ಸಮಸ್ಯಾ ಅಂತಾರ.” ಅಂದರೆ ನನ್ನದಲ್ಲದೆ ಓಣಿಯ ಇನ್ನೂ ಮೂವರ ಸಹಿ ಬೇಕು.

ಯಾರನ್ನು ಕೇಳುವುದು? ಎದುರು ಮನೆಯ ಗೆಳೆಯನದು ನೂಲಿನ ವ್ಯಾಪಾರ. ಎರಡು ಮನೆ ಆಚೆ ಇರುವ ಹೆಂಡತಿಯ ತಮ್ಮ ಮಗ್ಗ ರಿಪೇರಿಯವ. ಮೂರನೆಯವಳು ನನ್ನ ಹೆಂಡತಿ, ನೇಕಾರನ ಮಗಳು. ಗೋಡೆಗೆ ತಲೆಯಿಟ್ಟು ಗೊರಕೆ ಹೊಡೆಯುವಂಥವಳು. ಈ ಊರಲ್ಲಿ ಮಗ್ಗದ ಸದ್ದಿನ ಮೇಲೆ ದೂರು ಹೇಳುವುದೆಂದರೆ ಹೊಳೆಯಲ್ಲಿ ನೀರು ಹರಿಯುತ್ತದೆಂದು ದೂರಿದ ಹಾಗೆ. ಬಾಯಿಬಿಟ್ಟು ಕೇಳುವ ಎದೆ ನನಗಿರಲಿಲ್ಲ. ಅದಕ್ಕೇ ಆಟ ಹೂಡಿದೆ.

ಆ ಆಟವನ್ನು ನಾನು ಮೊಬೈಲಿನಲ್ಲಿ ನೋಡಿದ್ದೆ. ಒಬ್ಬ ಕತೆ ನಡೆಸುತ್ತಾನೆ. ಉಳಿದವರು ಆ ಕತೆಯೊಳಗಿನ ವೀರರು, ಮಾಟಗಾರರು, ಕಳ್ಳರು ಆಗುತ್ತಾರೆ. ‘ನಾನು ಬಾಗಿಲು ಒಡೆಯುತ್ತೇನೆ’ ಎಂದು ಆಟಗಾರ ಹೇಳಿದರೆ, ಬಾಗಿಲು ಒಡೆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ದಾಳ ತರಿಸಿದೆ. ಗ್ರಾಫ್ ಹಾಳೆಯ ಮೇಲೆ ಅಡವಿ, ತೂಗುಸೇತುವೆ, ಹಾಳು ಗುಡಿ, ಗುಡ್ಡ ಬರೆದೆ. ಬೇಸಿಗೆ ರಜೆಯಿಡೀ ಕೂತು ಎಪ್ಪತ್ತು ಪುಟದ ಕತೆ ಕಟ್ಟಿದೆ.

ಕತೆ ಇಷ್ಟು: ಒಂದು ರಾಜ್ಯ. ಅದರ ಅಂಚಿನ ಗುಡ್ಡದ ಗವಿಯಲ್ಲಿ ಒಬ್ಬ ರಾಕ್ಷಸ. ಅವನು ಹಗಲೂ ರಾತ್ರಿ ನೆಲ ನಡುಗುವಂತೆ ಸದ್ದು ಮಾಡುತ್ತಾನೆ. ಮಂದಿಗೆ ನಿದ್ದೆಯಿಲ್ಲ, ಎಮ್ಮೆಗಳು ಹಾಲು ಬತ್ತಿಸಿವೆ, ಸಜ್ಜನನಾದ ರಾಜನ ಕಣ್ಣು ಗುಳಿಬಿದ್ದಿವೆ. ಮೂವರು ವೀರರು ಐದು ಭಾನುವಾರ ಕಷ್ಟಪಟ್ಟು ಗವಿ ಮುಟ್ಟಿ ರಾಕ್ಷಸನನ್ನು ಕೊಲ್ಲಬೇಕು. ಕೊಂದ ಕೂಡಲೇ ರಾಜ್ಯದ ಮೇಲೆ ತಣ್ಣನೆಯ ಮೌನ ಇಳಿಯುತ್ತದೆ. ಆ ಮೌನದ ವರ್ಣನೆಯನ್ನೇ ನಾನು ಎರಡು ಪುಟ ಬರೆದಿದ್ದೆ. ಅದನ್ನು ಓದಿ, ಅವರ ಮನಸ್ಸು ಮೆತ್ತಗಾದಾಗ ಅರ್ಜಿ ಮುಂದಿಡುವುದು. ನಾಚಿಕೆಗೇಡಿನ ಯೋಜನೆ ನಿಜ. ಆದರೆ ಹನ್ನೊಂದು ತಿಂಗಳು ನಿದ್ದೆಗೆಟ್ಟವನಿಗೆ ನಾಚಿಕೆ ದುಬಾರಿ ವಸ್ತು.

ಭಾನುವಾರ ಊಟ ಮುಗಿಸಿ ಪಡಸಾಲೆಯಲ್ಲಿ ಕೂತೆವು. ನೂಲಿನವ ಖಡ್ಗಧಾರಿ, ಹೆಂಡತಿಯ ತಮ್ಮ ಮಾಟಗಾರ, ಹೆಂಡತಿ ಬಿಲ್ಲುಗಾರ್ತಿ. ನನ್ನ ಟಿಪ್ಪಣಿಗಳನ್ನೂ ನಾನು ಉರುಳಿಸುವ ದಾಳವನ್ನೂ ಅವರು ನೋಡಬಾರದೆಂದು ಮುಂದೆ ದೊಡ್ಡದೊಂದು ಫೈಲನ್ನು ತೆರೆದು ನಿಲ್ಲಿಸಿಕೊಂಡಿದ್ದೆ. ದನಿ ತಗ್ಗಿಸಿ ರಾಜ್ಯದ ಸಂಕಟ ಹೇಳಿ, ರಾಕ್ಷಸನ ಸದ್ದನ್ನು ಬಾಯಿಂದಲೇ ಮಾಡಿ ತೋರಿಸಿದೆ:

“ಖಟಕ್ ಪಟಕ್, ಖಟಕ್ ಪಟಕ್, ಖಟಕ್ ಖಟಕ್ ಪಟಕ್…”

ಮಾಟಗಾರ ಕೈ ಎತ್ತಿದ. “ನಿಲ್ಲರಿ ಮಾಮಾ. ಇನ್ನೊಮ್ಮಿ ಮಾಡ್ರಿ.”

ಮಾಡಿದೆ. ಅವನು ಕಣ್ಣು ಮುಚ್ಚಿ, ಕಿವಿಯ ಹಿಂದೆ ಅಂಗೈ ಹಿಡಿದು ಕೇಳಿದ. “ಇದು ಮಗ್ಗ ಐತ್ರಿ. ನಾಲ್ಕ ಅದಾವು. ಮೂರು ಛಲೋ ಅದಾವು. ನಾಲ್ಕನೇದ್ರಾಗ ಲಾಳಿ ಹೊಡಿಯೂ ಪಟ್ಟಿ ಸಡಲ ಆಗೇತಿ. ಅದಕ್ಕ ಎರಡ ಸಲ ಬಡಿತೈತಿ.”

ಹನ್ನೊಂದು ತಿಂಗಳು ದಿಂಬಿಗೆ ಕಿವಿಯೊತ್ತಿ ಕೇಳಿದ್ದನ್ನೇ ನಾನು ದೋಷಸಮೇತ ಒಪ್ಪಿಸಿದ್ದೆ.

“ಇಲ್ಲಪಾ, ಅದು ರಾಕ್ಷಸನ ಗದೆ” ಎಂದೆ.

“ಗದೆಗೆ ಪಟ್ಟಿ ಇರ್ತಾವೇನ್ರಿ?” ಎಂದು ಅವನು ಅಕ್ಕನ ಕಡೆ ನೋಡಿದ. ಅವಳು, “ಮಗ್ಗನ ಐತಿ” ಎಂದು ತೀರ್ಪು ಕೊಟ್ಟಳು.

ಅಲ್ಲಿಗೆ ಅಡವಿ ಹೋಯಿತು, ತೂಗುಸೇತುವೆ ಹೋಯಿತು. ಮಾಟಗಾರ ಮಂತ್ರದಂಡ ತನಗೆ ಬೇಡವೆಂದ. ಅದನ್ನು ಮಾರಿ ಪೇಟೆಯಲ್ಲಿ ನಟ್ಟು ಬಿಗಿಯುವ ಒಂದು ಪಾನಾ ಕೊಂಡ. ನೆಟ್ಟಗೆ ಗವಿಗೇ ಹೋಗುತ್ತೇವೆ ಎಂದರು. ನೆಟ್ಟನೆಯ ದಾರಿ ಸಿಗಬೇಕಾದರೆ ದಾಳದಲ್ಲಿ ಹದಿನೆಂಟಾದರೂ ಬೀಳಬೇಕೆಂದು ಆ ಕ್ಷಣದಲ್ಲೇ ನಿಯಮ ಹುಟ್ಟಿಸಿದೆ. ಇಪ್ಪತ್ತು ಬಿತ್ತು. ನಾನು ಬೇಸಿಗೆಯಿಡೀ ಬರೆದ ಐವತ್ತು ಪುಟಗಳನ್ನು ಒಟ್ಟಿಗೆ ಮಗುಚಬೇಕಾಯಿತು.

ಗವಿಯ ಬಾಯಲ್ಲಿ ರಾಕ್ಷಸನನ್ನು ಎದುರು ತಂದೆ. ಆರು ಕೈ, ಬೆಂಕಿಯ ಕಣ್ಣು. ಖಡ್ಗಧಾರಿ ಖಡ್ಗ ತೆಗೆಯಲೇ ಇಲ್ಲ. “ನಮಸ್ಕಾರ್ರೀ ಸಾವಕಾರ್ರ. ಎಷ್ಟನೇ ನಂಬರ ನೂಲ ಹಾಕ್ತೀರಿ?” ಎಂದ.

“ಅವನು ರಾಕ್ಷಸನಲೇ!” ಎಂದೆ.

“ಇರಲಿ ಮಾರಾಯಾ. ರಾಕ್ಷಸಗ ನೂಲ ಯಾರರ ಕೊಡಬೇಕಲಾ?”

ಬಿಲ್ಲುಗಾರ್ತಿ ಬಿಲ್ಲನ್ನು ಮೂಲೆಗಿಟ್ಟಳು. “ನೂಲಿನ ಕಂಡಿಕಿ ಸುತ್ತಾಕ ಹೆಣ್ಣಮಕ್ಕಳು ಬೇಕೇನ್ರಿ ಅಂತ ಕೇಳ್ತೀನಿ. ಆರ ಕೈ ಇದ್ರೂ ಒಬ್ಬನ ಎಷ್ಟಂತ ಮಾಡ್ಯಾನು?”

“ಮತ್ತೆ ರಾಜ? ನಿದ್ದೆಯಿಲ್ಲದೆ ಸಾಯುತ್ತಿರುವ ರಾಜ?”

“ರಾಜಾಗ ಬ್ಯಾರೆ ಕೆಲಸ ಇಲ್ಲೇನ್ರಿ?” ಎಂದಳು. “ಮಗ್ಗ ನಡದಾವು ಅಂದ್ರ ಊರ ಉಣ್ಣಾಕತ್ತೇತಿ ಅಂತ ತಿಳಕೊಂಡು ಮಕ್ಕೋಬೇಕು.” ಮೂವರೂ ನಕ್ಕರು. ಗೋಡೆಯ ಆಚೆ ಖಟಕ್ ಖಟಕ್ ಪಟಕ್ ಎಂದು ನಾಲ್ಕನೆಯ ಮಗ್ಗವೂ ನಕ್ಕಿತು.

ನನಗೆ ಪಿತ್ತ ನೆತ್ತಿಗೇರಿತು. ಅದು ಆಟ ಎಂಬುದು ಮರೆತುಹೋಯಿತು. ಗವಿಯ ಛತ್ತು ಕುಸಿದು ಮೂವರ ಮೇಲೂ ಬೀಳುತ್ತಿದೆ ಎಂದು ಘೋಷಿಸಿದೆ. ಫೈಲಿನ ಮರೆಯಲ್ಲಿ ದಾಳ ಉರುಳಿಸಿದೆ. ಮೂರು ಬಿತ್ತು. “ಹತ್ತೊಂಬತ್ತು! ಎಲ್ಲರೂ ಸತ್ತಿರಿ” ಎಂದೆ.

ಹೆಂಡತಿ ನನ್ನ ಮುಖವನ್ನು ನೋಡಿದಳು. ಆ ಮುಖವನ್ನು ಓದುವುದು ಅವಳಿಗೆ ಇಪ್ಪತ್ತೆರಡು ವರ್ಷದ ಅಭ್ಯಾಸ. ಕೈ ಚಾಚಿ ಫೈಲನ್ನು ಎತ್ತಿಬಿಟ್ಟಳು. ದಾಳದ ಮೇಲಿನ ಮೂರು ಎಲ್ಲರಿಗೂ ಕಂಡಿತು. ಫೈಲಿನಿಂದ ಜಾರಿದ ಅರ್ಜಿ ಅದರ ಪಕ್ಕದಲ್ಲೇ ಬಿತ್ತು.

ನೂಲಿನವ ಅದನ್ನೆತ್ತಿ ಗಟ್ಟಿಯಾಗಿ ಓದಿದ. “ಕೆಳಗೆ ಸಹಿ ಮಾಡಿದ ಓಣಿಯ ನಿವಾಸಿಗಳಾದ ನಾವು ಸದರಿ ಮಗ್ಗಗಳ ಕರ್ಕಶ ಶಬ್ದದಿಂದ ತೀವ್ರವಾಗಿ ನೊಂದಿದ್ದು…” ಅಲ್ಲಿಗೆ ನಿಲ್ಲಿಸಿ ಕೆಳಗೆ ಕಣ್ಣು ಹಾಯಿಸಿದ. ಮೂವರ ಹೆಸರನ್ನೂ ನಾನು ಮೊದಲೇ ದುಂಡಗೆ ಬರೆದು, ಎದುರಿಗೆ ಸಹಿಯ ಜಾಗ ಬಿಟ್ಟಿದ್ದೆ.

“ನಾ ಯಾವಾಗ ನೊಂದೀನಲೇ ಮಾಸ್ತರ?” ಎಂದ. “ನೀ ಆಟಾ ಆಡಸಾಕ ಕರದದ್ದಲ್ಲ. ನಮ್ಮ ಕೈ ಹಿಡದು ತಿದ್ದಿಸಾಕ ಕರದಿದ್ದಿ. ಅಕ್ಷರಾ ಕಲಿಯೂ ಬಿನ್‌ಎತ್ತೆ ಹುಡುಗ್ರಂಗ!”

“ಸದ್ದು ಆಗ್ತದೋ ಇಲ್ಲೋ? ಅದನ್ನು ಹೇಳು.”

“ಆಗ್ತೈತಿ. ಹಂಗಂತ ಬೆನ್ನಾಗ ಚೂರಿ ಹಾಕ್ತಾರೇನು? ನಿಂಗ ನಿದ್ದಿ ಇಲ್ಲ ಅಂತ ನನಗ ಒಂದ ಮಾತ ಹೇಳಿದ್ದೇನು? ಎದುರ ಮನಿಯಾಗ ಅದೀನಿ!”

ಹೇಳಿರಲಿಲ್ಲ. ಬೇರೆಯವರ ಮೇಲೆ ತಿರುಗಿದೆ. “ನಿಮಗೆ ಕೇಳಿಸಿದರೆ ತಾನೆ ಹೇಳುವುದು? ಎಲ್ಲಾ ಕಿವುಡರು” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಮಾಟಗಾರ ಪಾಪ, “ಏನಂದ್ರಿ ಮಾಮಾ?” ಎಂದು ಮತ್ತೆ ಕಿವಿಗೆ ಅಂಗೈ ಒಡ್ಡಿದ. ಹೆಂಡತಿಯ ಕಡೆ ತಿರುಗಿ, “ನೋಡು, ಇವನದು ಶುರುವಾಯಿತು. ನಿಮ್ಮಪ್ಪನದು ಪೂರಾ ಹೋಗಿತ್ತು. ಮನೆತನದ ಗುಣ” ಎಂದುಬಿಟ್ಟೆ.

ನನ್ನ ಮಾವ ತೀರಿಕೊಂಡಿದ್ದರು. ಅವರ ಕೊನೆಯ ವರ್ಷಗಳಲ್ಲಿ ಅವರಿಗೆ ಏನು ಹೇಳಬೇಕಾದರೂ ಹೆಂಡತಿ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದಳು. ಅದನ್ನು ನಾನೇ ಕಣ್ಣಾರೆ ಕಂಡಿದ್ದೆ.

ಹೆಂಡತಿ ಎದ್ದು ನಿಂತಳು. ಕೂಗಲಿಲ್ಲ.

“ಮಗ್ಗದ ಸದ್ದಿಗೆ ಅಪ್ಪನ ಕಿವಿ ಹೋದ್ವು, ಖರೆ. ನಿಮ್ಮ ಬಿ.ಎಡ್. ಮುಗಿಯೂತನಾ ನೀವು ಅಪ್ಪನ ಮನಿ ಅಟ್ಟದ ಮ್ಯಾಲ ಕುಂತು ಓದಿದ್ರಿ. ಕೆಳಗ ಅಪ್ಪನ ಮಗ್ಗ ನಡದಿತ್ತು. ಆವಾಗ ನಿಮಗ ನಿದ್ದಿ ಬರ್ತಿತ್ತಲ್ರಿ?”

ಬರುತ್ತಿತ್ತು. ಒಳ್ಳೆಯ ನಿದ್ದೆ ಬರುತ್ತಿತ್ತು. ಹೇಗೆ ಬರುತ್ತಿತ್ತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನೂಲಿನವ ಅರ್ಜಿಯನ್ನು ಹರಿಯಲಿಲ್ಲ. ಮಡಚಿ ನನ್ನ ಅಂಗಿಯ ಕಿಸೆಗೆ ತುರುಕಿದ. ಹರಿದಿದ್ದರೆ ಎಷ್ಟೋ ವಾಸಿಯಿತ್ತು. ಮಾಟಗಾರನಿಗೆ ಅಕ್ಕ ಗಟ್ಟಿಯಾಗಿ, ನಾನು ಅಂದದ್ದನ್ನು ಅಕ್ಷರಶಃ ಹೇಳಿದಳು. ಅವನು ಚಪ್ಪಲಿ ಮೆಟ್ಟಿಕೊಂಡು ನನ್ನ ಕಡೆ ನೋಡದೆ ಹೋದ.

ಬುದ್ಧಿಯಿದ್ದವನಾದರೆ ಅಂದೇ ಸಂಜೆ ಆ ಮನೆಗೆ ಹೋಗಿ ತಪ್ಪಾಯಿತು ಎನ್ನುತ್ತಿದ್ದ. ನಾನು ಮೂವರ ಹೆಸರು ಬಿಟ್ಟು ಅರ್ಜಿಯನ್ನು ಹೊಸದಾಗಿ ಬರೆದೆ. ‘ನಾವು’ ಇದ್ದಲ್ಲೆಲ್ಲ ‘ನಾನು’ ಮಾಡಿದೆ. ಸೋಮವಾರ ಅರ್ಧ ದಿನ ರಜೆ ಹಾಕಿ ನಗರಸಭೆಗೆ ಹೋಗಿ ಕೊಟ್ಟುಬಂದೆ. ಸಿಟ್ಟಿನಲ್ಲಿದ್ದ ಮನುಷ್ಯನಿಗೆ ತಾನು ಒಂಟಿ ಎಂಬುದೇ ದೊಡ್ಡ ಪುರಾವೆಯಂತೆ ಕಾಣುತ್ತದೆ. ಹೆಂಡತಿ ಹೊತ್ತು ಹೊತ್ತಿಗೆ ರೊಟ್ಟಿ ಬಡಿದು ಹಾಕಿದಳು, ಮಾತು ಹಾಕಲಿಲ್ಲ. ಉಪ್ಪು ಬೇಕಾದರೆ ನಾನೇ ಎದ್ದು ತಂದುಕೊಳ್ಳುತ್ತಿದ್ದೆ.

ಕೆಲವು ವಾರದ ಮೇಲೆ ನಗರಸಭೆಯಿಂದ ಸ್ಥಳ ಪರಿಶೀಲನೆಗೆಂದು ಒಬ್ಬರು ಬಂದರು. ಸಭ್ಯ ಮನುಷ್ಯ, ಕೈಯಲ್ಲಿ ರಟ್ಟಿನ ಹಲಗೆಗೆ ಸಿಕ್ಕಿಸಿದ ಕಾಗದ. ನಾನು ಬಾಗಿಲಲ್ಲಿ ಸ್ಕೇಲು ಹಿಡಿದು ಕಾಯುತ್ತಿದ್ದೆ. ಅವರು ಮೊದಲು ನನ್ನಲ್ಲಿಗೆ ಬರಲಿಲ್ಲ. ಎದುರು ಮನೆಗೆ ಹೋದರು, ಎರಡು ಮನೆ ಆಚೆ ಹೋದರು. ಆಮೇಲೆ ನಮ್ಮ ಹಿತ್ತಿಲ ಬಾಗಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಜೊತೆ ಮಾತಾಡಿದರು. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡದ್ದು ಕಿಟಕಿಯಿಂದ ಕಂಡಿತು. ಪಕ್ಕದವ ಶೆಡ್ಡಿನ ಬಾಗಿಲಲ್ಲಿ ಎಲೆ ಅಡಿಕೆ ಮೆಲ್ಲುತ್ತ ನಿಂತಿದ್ದ. ಈ ಸಲ ಅವನು ನಗಲಿಲ್ಲ, ನಗುವ ಅಗತ್ಯವೇ ಇರಲಿಲ್ಲ.

ಕೊನೆಗೆ ನನ್ನಲ್ಲಿಗೆ ಬಂದು ಕಾಗದ ತಿರುಗಿಸಿ ತೋರಿಸಿದರು. ‘ಸದರಿ ಮಗ್ಗಗಳಿಂದ ನಮಗೆ ಯಾವುದೇ ತೊಂದರೆ ಇರುವುದಿಲ್ಲ’ ಎಂಬ ಸಾಲಿನ ಕೆಳಗೆ ಮೂರು ಸಹಿ ಇದ್ದವು. ನೂಲಿನವನದು ಗೆರೆ ಎಳೆದಂತೆ. ಮಾಟಗಾರನದು ಎಣ್ಣೆಯ ಬೆರಳಿನ ಗುರುತಿನ ಜೊತೆ. ಮೂರನೆಯದು ನಿಧಾನಕ್ಕೆ ಬರೆದದ್ದು. ಅದರಲ್ಲಿ ಅವಳ ಹೆಸರಿನ ಮುಂದೆ ನನ್ನ ಹೆಸರಿರಲಿಲ್ಲ, ಅವಳಪ್ಪನ ಹೆಸರಿತ್ತು.

“ಇದು ನಿಮ್ಮ ಮನಿಯವರದ ಸಹಿ ಹೌದಲ್ರಿ?”

“ಹೌದ್ರಿ.”

“ಮತ್ತ ಸದ್ದು ನಿಮಗೊಬ್ಬರಿಗೇ ತ್ರಾಸ ಕೊಡ್ತೈತಿ ಅಂತ ಬರಕೊಳ್ಳಲ್ರಿ?”

ಗೋಡೆಯ ಆಚೆ ನಾಲ್ಕೂ ಮಗ್ಗ ನಡೆದಿದ್ದವು. ಅವರು ಪ್ರಶ್ನೆಯನ್ನು ಎರಡು ಸಲ ಕೂಗಿ ಕೇಳಬೇಕಾಯಿತು. ಅದನ್ನು ಅವರಿಗೆ ಎತ್ತಿ ತೋರಿಸಬಹುದಿತ್ತು. ಆದರೆ ಹಿತ್ತಿಲಲ್ಲಿ ಪಾತ್ರೆಯ ಸದ್ದು ನಿಂತಿತ್ತು. ನಾನು ಏನು ಹೇಳುತ್ತೇನೆಂದು ಅವಳು ಕೇಳಿಸಿಕೊಳ್ಳುತ್ತಿದ್ದಳು. ಇಷ್ಟು ವಾರಗಳಲ್ಲಿ ಅವಳು ನನ್ನ ಮಾತಿಗೆ ಕಿವಿಗೊಟ್ಟದ್ದು ಅದೇ ಮೊದಲು.

“ಹೌದ್ರಿ, ನನಗೊಬ್ಬನಿಗೇ. ಹಂಗ ಬರಕೋರಿ” ಎಂದು ನಾನೂ ಕೂಗಿದೆ.

ಅವರು ಅದೇ ಕಾಗದದ ಅಡಿ ಹಾಗೇ ಬರೆದುಕೊಂಡರು. ಪೆನ್ನು ಕೊಟ್ಟು, ಮೂವರ ಕೆಳಗೆ ಖಾಲಿಯಿದ್ದ ಜಾಗವನ್ನು ತೋರಿಸಿದರು. ನಾನು ಸಹಿ ಮಾಡಿದೆ. ಹಿತ್ತಿಲಲ್ಲಿ ಮತ್ತೆ ಪಾತ್ರೆಯ ಸದ್ದು ಶುರುವಾಯಿತು, ಮೊದಲಿಗಿಂತ ಜೋರಾಗಿ.