ನರ್ಸಬಾಯಿ ಅಳಿಸಿ ಬರೆಸಿದ ಪ್ರಶ್ನೆ

ನಿನ್ನೆ ಕಾಲೇಜಿನ ಲ್ಯಾಬನ್ನು ಫಿನಾಯಿಲ್ ಹಾಕಿ ಒರೆಸಿದ್ದರು. ಬೋರ್ಡಿನ ಮೇಲೆ ಡಿಸಿಷನ್ ಟ್ರೀ ಬಿಡಿಸುತ್ತಿದ್ದ ನನ್ನ ಕೈ ಆ ವಾಸನೆಗೆ ನಿಂತುಬಿಟ್ಟಿತು. ಒಂದು ಪ್ರಶ್ನೆ, ಅದಕ್ಕೆ ಹೌದು-ಅಲ್ಲ ಎಂಬ ಎರಡು ಕೊಂಬೆ, ಕೊಂಬೆಯ ತುದಿಗೆ ಇನ್ನೊಂದು ಪ್ರಶ್ನೆ, ಕೊನೆಗೆ ಯಾವ ಗುಂಪು ಎಂಬ ತೀರ್ಮಾನ. ಕಂಪ್ಯೂಟರಿಗೆ ಇದನ್ನು ಕಲಿಸುವುದು ಹೇಗೆಂದು ಹುಡುಗರಿಗೆ ಹೇಳಿಕೊಡುವುದು ಈಗ ನನ್ನ ಕೆಲಸ. ನನಗೆ ಕಲಿಸಿದವರು ಮಾತ್ರ ಕಂಪ್ಯೂಟರ್ ಕಂಡವರೇ ಅಲ್ಲ... ನಮ್ಮ ನರ್ಸಬಾಯಿ.

ತೊಂಬತ್ತರ ದಶಕದ ಮಾತು. ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಊರಲ್ಲಿ ನಾನು ಹೊಸ ಮಾಸ್ತರ. ಹೊಳೆಗೆ ಹೊಸ ನೀರು ಬಂದು ವಾಂತಿಭೇದಿ ಹಬ್ಬಿತು. ಶಾಲೆಯೇ ಫಿನಾಯಿಲ್ ವಾಸನೆಯ ದವಾಖಾನೆಯಾಯಿತು. ಪೇಟೆಯ ದೊಡ್ಡ ದವಾಖಾನೆಗೆ ಒಯ್ಯಲು ಇದ್ದದ್ದು ಒಂದೇ ಜೀಪು. ಯಾರನ್ನು ಹತ್ತಿಸುವುದು, ಯಾರಿಗೆ ಉಪ್ಪು-ಸಕ್ಕರೆ ನೀರು ಕೊಟ್ಟು ಮನೆಗೆ ಕಳಿಸುವುದು? ಎಷ್ಟು ಸಲ ಭೇದಿಯಾಯಿತೆಂದು ನಾನು ಎಲ್ಲರನ್ನೂ ಕೇಳಿ ಬರೆದುಕೊಳ್ಳುತ್ತಿದ್ದೆ. ಜೀಪಿನ ಆಸೆಗೆ ಜನ ಎರಡಕ್ಕೆ ಇಪ್ಪತ್ತು ಎನ್ನುತ್ತಿದ್ದರು. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ.

"ಬಾಯಿಗೇನ್ ಕೇಳ್ತೀರಿ ಮಾಸ್ತರ್, ಮೈಗಿ ಕೇಳ್ರಿ," ಎಂದರು ನರ್ಸಬಾಯಿ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತದೆಯೇ? ನಿಂತರೆ ಮೈಯ ನೀರು ಬತ್ತಿದೆ, ಜೀಪು. ಇಲ್ಲದಿದ್ದರೆ, ಕುಡಿಸಿದ ನೀರು ಹೊಟ್ಟೆಯಲ್ಲಿ ಉಳಿಯುತ್ತದೆಯೇ? ಉಳಿದರೆ ಮನೆ, ಕಾರಿಕೊಂಡರೆ ಜೀಪು. ನಾನದನ್ನು ಕರಿಹಲಗೆಯ ಮೇಲೆ ಗೆರೆ ಎಳೆದು ಬರೆದೆ. ಆಗಲೇ ಜೀಪು ಹತ್ತಿ ಕೂತಿದ್ದ ಊರಗೌಡರನ್ನೂ ಅವರು ಇಳಿಸಿದರು. "ನಡ್ಕೊಂತ ಬಂದೀರಿ ಗೌಡ್ರ, ನಡ್ಕೊಂತನೇ ಮನಿಗಿ ಹೋಗ್ರಿ."

ಮರುದಿನ ಬಳೆ ಮಾರುವಾಕೆ ತನ್ನ ದುಂಡನೆಯ ಕೂಸನ್ನು ತಂದಳು. ಚರ್ಮದ ಮಡಿಕೆ ನಿಲ್ಲಲಿಲ್ಲ, ಕುಡಿಸಿದ ನೀರೂ ಉಳಿಯಿತು. ಮನೆಗೆ ಎಂದೆವು. "ಮುಂಜಾನಿಂದ ಉಚ್ಚಿ ಹೊಯ್ದಿಲ್ರಿ ಬಾಯಿ," ಎಂದಳು. ಇಬ್ಬರೂ ಕೇಳಿಸಿಕೊಂಡೆವು. ಹಲಗೆಯ ಮೇಲೆ ಆ ಪ್ರಶ್ನೆ ಇರಲಿಲ್ಲ...

ಸಂಜೆಗೆ ಕೂಸು ಹೋಯಿತು.

ನರ್ಸಬಾಯಿ ಆ ಮನೆಗೆ ಹೋಗಿ, ಅತ್ತು ಬಂದರು. ಬಂದವರೇ ಹಲಗೆಯನ್ನು ಪೂರ್ತಿ ಒರೆಸಿದರು. "ಮೈ ತುಂಬಿದ ಕೂಸಿನ ಚರ್ಮ ನೀರು ಬತ್ತಿದ್ರೂ ಮಡಿಕಿ ನಿಲ್ಲಂಗಿಲ್ಲ, ನಂಬಬಾರದಿತ್ತು. ಉಚ್ಚಿ ಹೊಯ್ದದೇನು ಅಂತ ಮೊದಲ ಬರೀರಿ. ಬರೀರಿ ಮಾಸ್ತರ್, ಹೊರಗ ಮಂದಿ ನಿಂತಾರ." ಬಳಪ ಎತ್ತಿಕೊಂಡು ಬರೆದೆ. ಆ ಪ್ರಶ್ನೆ ಮುಂದೆ ಮೂರು ಕೂಸುಗಳನ್ನು ಜೀಪು ಹತ್ತಿಸಿತು. ಮೂರೂ ತಿರುಗಿ ಬಂದವು.

ನರ್ಸಬಾಯಿ ನಿವೃತ್ತರಾಗಿ ಜೇವರ್ಗಿಯಲ್ಲಿದ್ದಾರೆಂದು ಕೇಳಿದ್ದೆ. ಹೋಗಿ ನೋಡಬೇಕಿತ್ತು, ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿ ಮುಟ್ಟುವಷ್ಟರಲ್ಲಿ ವರ್ಷವೇ ಕಳೆದಿತ್ತು.

ನಿನ್ನೆ ಪಾಠ ಮುಗಿದ ಮೇಲೆ ಒಬ್ಬ ಹುಡುಗಿ, ತನ್ನ ಟ್ರೀ ನೂರಕ್ಕೆ ತೊಂಬತ್ತೊಂಬತ್ತು ಸರಿ ಹೇಳುತ್ತದೆಂದು ಹಿಗ್ಗಿನಿಂದ ತೋರಿಸಿದಳು. "ಉಳಿದ ಆ ಒಂದು ಯಾವುದವ್ವ, ತೋರಿಸು," ಎಂದೆ. ಅವಳಿಗೆ ಗೊತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ. ಅದು ಸಿಗುವ ತನಕ ಇಬ್ಬರೂ ಏಳಲಿಲ್ಲ.